ಘಟ್ಟ ಹತ್ತಿ ಬಂದ ಬ್ಯಾಂಕು

(ಶಿವಮೊಗ್ಗದಲ್ಲಿ ವಾಣಿಜ್ಯ ವಿದ್ಯಾರ್ಥಿಗಳು ಮತ್ತು ಅಡಿಕೆ ವರ್ತಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಒಂದು ಪ್ರಶ್ನೆ ಕೇಳಿಯೇ ಶುರು ಮಾಡುತ್ತೇನೆ. ಘಟ್ಟದ ಕೆಳಗೆ ಮಂಗಳೂರು, ಉಡುಪಿ ಸುತ್ತಮುತ್ತ ಇಪ್ಪತ್ತೈದು ವರ್ಷದಲ್ಲಿ ಐದು ಬ್ಯಾಂಕು ಹುಟ್ಟಿದವು. 1906ರಲ್ಲಿ ಕೆನರಾ, ಅದೇ ವರ್ಷ ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಐದೂ ದೇಶಕ್ಕೆಲ್ಲ ಗೊತ್ತಾದವು. ಆಗುಂಬೆ ಘಾಟಿ ಹತ್ತಿ ಈಚೆ ಬಂದರೆ ತೀರ್ಥಹಳ್ಳಿ, ಸಾಗರ, ಶಿವಮೊಗ್ಗ. ಇಲ್ಲಿ ಅಡಿಕೆ ಇತ್ತು, ಮೆಣಸು ಇತ್ತು, ಏಲಕ್ಕಿ ಇತ್ತು. 1899ರಿಂದ ಬೀರೂರು–ಶಿವಮೊಗ್ಗ ರೈಲೂ ಇತ್ತು. ಆದರೂ ಇಲ್ಲಿ ಹುಟ್ಟಿ ಹಾಗೆ ಬೆಳೆದ ಒಂದು ಬ್ಯಾಂಕಿನ ಹೆಸರು ಹೇಳಿ ನೋಡೋಣ. ಸಹಕಾರಿ ಬ್ಯಾಂಕುಗಳನ್ನು ಬಿಟ್ಟು ಕೇಳುತ್ತಿದ್ದೇನೆ. ಇಲ್ಲ ಅಲ್ವಾ? ಘಟ್ಟ ಹತ್ತಿ ಬಂದು ಮಲೆನಾಡಿನಲ್ಲಿ ಕಾಲೂರಿದ ಕರ್ಣಾಟಕ ಬ್ಯಾಂಕಿನ ಕಥೆ ಇವತ್ತಿನ ವಿಷಯ. ಅದಕ್ಕೆ ಮೊದಲು ಈ ಪ್ರಶ್ನೆ.

ದುಡ್ಡಿರಲಿಲ್ಲ ಎಂದು ಹೇಳುವಂತಿಲ್ಲ. ದುಡ್ಡಿತ್ತು. ಬ್ಯಾಂಕು ಮಾಡುವ ಕೆಲಸವನ್ನು ಇಲ್ಲಿ ಬೇರೆ ಯಾರೋ ಆಗಲೇ ಮಾಡುತ್ತಿದ್ದರು.

ಎದುರಿಗೆ ಕೂತಿರುವ ವರ್ತಕರಿಗೆ ಇದು ಗೊತ್ತಿರುವ ಸಂಗತಿ. ಹುಡುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಡಿಕೆ ಬೆಳೆಗಾರನ ಕೈಗೆ ವರ್ಷಕ್ಕೆ ಒಂದು ಸಲ ದುಡ್ಡು. ಮರದಿಂದ ಅಡಿಕೆ ಗೊನೆ ಇಳಿಸಬೇಕು, ಸುಲಿಯಬೇಕು, ಬೇಯಿಸಬೇಕು, ಬಣ್ಣಕ್ಕೆ ಚೊಗರು ಹಾಕಬೇಕು, ಒಣಗಿಸಬೇಕು. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ದರ್ಜೆ ಬೇರೆ ಮಾಡಿ ಮೂಟೆ ಕಟ್ಟಬೇಕು. ಅದು ಮಂಡಿಗೆ, ಅಂದರೆ ಅಡಿಕೆ ವ್ಯಾಪಾರದ ಅಂಗಡಿಗೆ ಬಂದು, ರೇಟಾಗಿ, ತೂಕವಾದ ಮೇಲೆ ದುಡ್ಡು. ಖರ್ಚಿಗೆ ಮಾತ್ರ ಹನ್ನೆರಡು ತಿಂಗಳೂ ಒಂದೇ. ಮಳೆ ಹಿಡಿಯುವ ಹೊತ್ತಿಗೆ ಕೊಳೆರೋಗಕ್ಕೆ ಔಷಧಿ ಹೊಡೆಯಬೇಕು. ಮೈಲುತುತ್ತ, ಸುಣ್ಣ, ಮರ ಹತ್ತುವ ಕೊನೆಗೌಡನ ಕೂಲಿ. ಜೂನ್‌ನಲ್ಲಿ ಮಕ್ಕಳ ಫೀಸು. ಅಡಿಕೆ ಮರದ ಮೇಲೆ ಹಸಿರಾಗಿಯೇ ಇರುತ್ತದೆ, ಜೇಬು ಖಾಲಿ.

ಈ ತಿಂಗಳುಗಳನ್ನು ದಾಟಿಸುತ್ತಿದ್ದವರು ಮಂಡಿ ಸಾಹುಕಾರರು. ಮುಂಗಡ ಅಲ್ಲಿಂದ, ದಿನಸಿ ಅಲ್ಲಿಂದ, ಮಗಳ ಮದುವೆಯ ಖರ್ಚೂ ಅಲ್ಲಿಂದ. ಎಲ್ಲವೂ ಖಾತೆಗೆ. ಬೆಳೆ ಬಂದಾಗ ಅದೇ ಮಂಡಿಗೆ ಅಡಿಕೆ ಹಾಕಬೇಕು. ಲೆಕ್ಕ ಕಳೆದು ಉಳಿದದ್ದನ್ನು ಮನೆಗೆ ಒಯ್ಯದೆ ಅಲ್ಲೇ ಬಡ್ಡಿಗೆ ಬಿಟ್ಟು ಬರುವವರೂ ಇದ್ದರು. ಲೆಕ್ಕ ಹಾಕಿ ನೋಡಿ. ಸಾಲ, ಠೇವಣಿ, ಗೋದಾಮು, ಮಾರಾಟ ನಾಲ್ಕೂ ಒಂದೇ ಸೂರಿನಡಿ. ಅರ್ಜಿ ಇಲ್ಲ, ಫೋಟೋ ಇಲ್ಲ, ಜಾಮೀನುದಾರನ ಸಹಿ ಇಲ್ಲ. ಸಂಜೆ ಬಾಗಿಲು ಹಾಕಿದ ಮೇಲೆ ಹೋದರೂ ಇಲ್ಲ ಅನ್ನುತ್ತಿರಲಿಲ್ಲ. ಇಂಥ ಊರಿಗೆ ಹತ್ತೂವರೆಗೆ ತೆಗೆದು ಎರಡೂವರೆಗೆ ಕೌಂಟರ್ ಮುಚ್ಚುವ ಬ್ಯಾಂಕು ಯಾಕೆ ಬೇಕಿತ್ತು ಹೇಳಿ.

ಬೇಕಿತ್ತು, ಆ ಪ್ರಶ್ನೆ ಬೇರೆ. ಸಾಲ ಕೊಟ್ಟವನೇ ಬೆಳೆಗೆ ರೇಟನ್ನೂ ಹೇಳುವ ಏರ್ಪಾಡು ಅದು. ಬೆಳೆಗಾರನಿಗೆ ಬೇರೆ ಮಂಡಿಗೆ ಹೋಗುವ ದಾರಿ ಇರುತ್ತಿರಲಿಲ್ಲ. ವರ್ತಕ ಮಿತ್ರರು ಬೇಸರ ಮಾಡಿಕೊಳ್ಳಬಾರದು. ನಿಮ್ಮ ಅಜ್ಜಂದಿರಲ್ಲಿ ಒಳ್ಳೆಯವರು ಬಹಳ ಜನ ಇದ್ದರು, ಆದರೆ ಲೆಕ್ಕದ ಪುಸ್ತಕ ಇದ್ದದ್ದು ಅವರ ಕೈಯಲ್ಲೇ. 1939ರಲ್ಲಿ ಶಿವಮೊಗ್ಗದಲ್ಲಿ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘ, ಅಂದರೆ ನಮ್ಮ ಮ್ಯಾಮ್ಕೋಸ್ ಹುಟ್ಟಿದ್ದು ಇದಕ್ಕೇ. ಅಡಿಕೆಯನ್ನು ಸಂಘದ ಗೋದಾಮಿನಲ್ಲಿ ಇಡಿ, ಅದರ ಮೇಲೆ ಮುಂಗಡ ತಗೊಳ್ಳಿ, ರೇಟು ಬಂದಾಗ ಮಾರಿ. ಸರಳ ಉಪಾಯ. ಮಲೆನಾಡಿನವರು ಬ್ಯಾಂಕು ಕಟ್ಟಲಿಲ್ಲ ಎಂದು ಹಳಿಯುವ ಮೊದಲು ಇದನ್ನು ನೆನಪಿಡಬೇಕು. ಕರಾವಳಿಯವರು ಠೇವಣಿಯಿಂದ ಶುರು ಮಾಡಿದರು, ನಾವು ಮಾರಾಟದಿಂದ ಶುರು ಮಾಡಿದೆವು. ನಮ್ಮ ಕಷ್ಟ ಇದ್ದದ್ದೇ ಅಲ್ಲಿ.

ಹಾಗಾದರೆ ಘಟ್ಟದ ಕೆಳಗೆ ಠೇವಣಿ ಎಲ್ಲಿಂದ ಬಂತು? ಅಲ್ಲಿ ಬಂದರಿತ್ತು, ಹೆಂಚಿನ ಕಾರ್ಖಾನೆಗಳಿದ್ದವು. ಊರು ಬಿಟ್ಟು ಮದರಾಸು, ಬೊಂಬಾಯಿಗೆ ಹೋಗಿ ಹೋಟೆಲು, ಅಂಗಡಿ ಎಂದು ದುಡಿಯುವವರು ಬಹಳ. ಅವರು ಊರಿಗೆ ಸಣ್ಣ ಸಣ್ಣ ಮೊತ್ತ ಕಳಿಸುತ್ತಿದ್ದರು. ಆ ಸಣ್ಣ ದುಡ್ಡನ್ನು ಒಟ್ಟು ಮಾಡುವ ಜಾಣತನ ಅಲ್ಲಿನವರಿಗೆ ಬಂತು. ನಮ್ಮಲ್ಲಿ ಆ ಕಾಲಕ್ಕೆ ಮಲೇರಿಯಾ. ಹಳ್ಳಿಗೆ ಹಳ್ಳಿ ಖಾಲಿಯಾಗುತ್ತಿದ್ದ ಸೀಮೆ ಇದು. ಒಂಟಿ ಮನೆ, ಅದಾದ ಮೇಲೆ ಒಂದು ಮೈಲಿ ಕಾಡು. ದಿನಾ ಯಾರು ಬಂದು ಯಾರ ಹತ್ತಿರ ದುಡ್ಡು ವಸೂಲಿ ಮಾಡುತ್ತಾರೆ?

ಕಾರ್ಪೊರೇಷನ್ ಬ್ಯಾಂಕನ್ನು ಉಡುಪಿಯಲ್ಲಿ ಕಟ್ಟಿದವರು ಹಾಜಿ ಅಬ್ದುಲ್ಲಾ ಸಾಹೇಬರು. ಬಂಡವಾಳ 5,000 ರೂಪಾಯಿ. ಮೊದಲ ದಿನ ಮುಗಿದಾಗ ಲೆಕ್ಕಕ್ಕೆ ಸಿಕ್ಕಿದ್ದು 38 ರೂಪಾಯಿ 13 ಆಣೆ 2 ಪೈ. ಆ ಎರಡು ಪೈಯನ್ನೂ ಬಿಡದೆ ಬರೆದಿಟ್ಟರಲ್ಲ, ಅದು ನನಗೆ ಇಷ್ಟ. ಸಿಂಡಿಕೇಟ್ ಶುರುವಾದದ್ದು 8,000 ರೂಪಾಯಿಯಲ್ಲಿ. ಡಾ. ಟಿ. ಎಂ. ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಮಾಡಿದ್ದು. 1928ರಲ್ಲಿ ಅವರು ಪಿಗ್ಮಿ ಎಂಬ ದಿನದ ಉಳಿತಾಯ ಠೇವಣಿ ಶುರು ಮಾಡಿದರು. ದಿನಕ್ಕೆ ಎರಡಾಣೆ. ಏಜೆಂಟ್ ಮನೆ ಬಾಗಿಲಿಗೆ ಬಂದು ತಗೊಂಡು ಹೋಗುತ್ತಾನೆ.

ಪಿಗ್ಮಿ ಮಾತು ಬಂತು, ಒಂದು ಸಣ್ಣ ವಿಷಯ ಹೇಳಿಬಿಡುತ್ತೇನೆ. ನಾನು ಬ್ಯಾಂಕಿನಲ್ಲಿದ್ದಾಗ ಯಾವುದಾದರೂ ಅಂಗಡಿಗೆ ಸಾಲ ಕೊಡುವ ಮೊದಲು ಬ್ಯಾಲೆನ್ಸ್ ಶೀಟ್ ನೋಡುತ್ತಿದ್ದೆ, ಸರಿ. ಆದರೆ ಇಲ್ಲಿನ ಗಾಂಧಿ ಬಜಾರಿಗೆ ದಿನಾ ಹೋಗುವ ಪಿಗ್ಮಿ ಏಜೆಂಟನ ಹತ್ತಿರ ಒಂದು ಮಾತು ಕೇಳದೆ ಸಹಿ ಹಾಕುತ್ತಿರಲಿಲ್ಲ. ಯಾವ ಅಂಗಡಿಯವರು ಇತ್ತೀಚೆಗೆ "ನಾಳೆ ಬಾ" ಅನ್ನುತ್ತಿದ್ದಾರೆ, ಯಾರು ಐವತ್ತರಿಂದ ಇಪ್ಪತ್ತಕ್ಕೆ ಇಳಿದಿದ್ದಾರೆ, ಯಾರ ಗಲ್ಲದಲ್ಲಿ ಮಗ ಕೂರಲು ಶುರು ಮಾಡಿದ್ದಾನೆ, ಎಲ್ಲ ಅವನಿಗೆ ಗೊತ್ತು. ಆಡಿಟರ್ ವರ್ಷಕ್ಕೊಮ್ಮೆ ಹೇಳುವುದನ್ನು ಅವನು ಅದೇ ವಾರ ಹೇಳುತ್ತಿದ್ದ. ಪ್ರಾದೇಶಿಕ ಬ್ಯಾಂಕುಗಳು ಯಾಕೆ ಬೆಳೆದವು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಬಂಡವಾಳ ಆಮೇಲೆ. ಗಿರಾಕಿಯ ವರ್ಷ ಹೇಗೆ ಸಾಗುತ್ತದೆ ಎನ್ನುವುದು ಅವರಿಗೆ ಗೊತ್ತಿತ್ತು.

ಈಗ ನಮ್ಮ ಕಡೆಗೆ ಬರೋಣ. ಶಿವಮೊಗ್ಗ ಆಗ ಮೈಸೂರು ಸಂಸ್ಥಾನ. ದಕ್ಷಿಣ ಕನ್ನಡ ಬ್ರಿಟಿಷರ ಮದರಾಸು ಪ್ರಾಂತ್ಯ. ಆಗುಂಬೆಯ ಆಚೆ ಬೇರೆ ಸರ್ಕಾರ, ಬೇರೆ ಕಾಯ್ದೆ. ಆಚೆ ಜನ ಸೇರಿ ಬ್ಯಾಂಕು ಕಟ್ಟಿದರೆ ಈಚೆ ಸರ್ಕಾರವೇ ಮುಂದೆ ನಿಂತು ಕಟ್ಟಿಸಿತು. ವಿಶ್ವೇಶ್ವರಯ್ಯನವರು 1912ರಲ್ಲಿ ದಿವಾನರಾದರು. ಅವರ ನೇತೃತ್ವದ ಸಮಿತಿಯ ಶಿಫಾರಸಿನಂತೆ 1913ರ ಅಕ್ಟೋಬರ್ 2ರಂದು ಬೆಂಗಳೂರಿನಲ್ಲಿ ಮೈಸೂರು ಬ್ಯಾಂಕ್ ಬಾಗಿಲು ತೆಗೆಯಿತು. ಹೊತ್ತು ಎಂಥದು ನೋಡಿ. ಅದಕ್ಕೆ ಸ್ವಲ್ಪ ದಿನ ಮೊದಲು, ಸೆಪ್ಟೆಂಬರಿನಲ್ಲಿ ಲಾಹೋರಿನ ಪೀಪಲ್ಸ್ ಬ್ಯಾಂಕ್ ಮುಳುಗಿತ್ತು. ಅದರ ಹಿಂದೆಯೇ ಸಾಲಾಗಿ ಸ್ವದೇಶಿ ಬ್ಯಾಂಕುಗಳು ಬೀಳತೊಡಗಿದವು. ಅಂಥ ಸಮಯದಲ್ಲಿ ಹೊಸ ಬ್ಯಾಂಕಿಗೆ ಜನ ದುಡ್ಡು ತಂದು ಕೊಡಬೇಕಾದರೆ ಹಿಂದೆ ಅರಮನೆಯ ಹೆಸರಿರಬೇಕಿತ್ತು. ಇತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಬೆನ್ನಿಗಿತ್ತು.

ಇದರ ಒಳ್ಳೆಯದೂ ಕೆಟ್ಟದ್ದೂ ಒಂದೇ. ಸರ್ಕಾರ ಇದ್ದಲ್ಲಿ ಬ್ಯಾಂಕು ಇರುತ್ತಿತ್ತು. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಶುರು ಮಾಡಿತು, 1930ರ ದಶಕದಲ್ಲಿ ಪೇಪರ್ ಮಿಲ್ ಬಂತು. ಸಂಬಳ, ಗುತ್ತಿಗೆ, ಖಜಾನೆಯ ವ್ಯವಹಾರ ಎಂದು ಮೈಸೂರು ಸೀಮೆಯ ಪೇಟೆಗಳಲ್ಲಿ ಹಣ ಓಡಾಡತೊಡಗಿತು. 1953ರಲ್ಲಿ ಮೈಸೂರು ಬ್ಯಾಂಕು ರಿಸರ್ವ್ ಬ್ಯಾಂಕಿನ ಏಜೆಂಟಾಗಿ ಸರ್ಕಾರದ ಖಜಾನೆ ಕೆಲಸವನ್ನೂ ವಹಿಸಿಕೊಂಡಿತು. 1960ರಲ್ಲಿ ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಗಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆಯಿತು. ಸರ್ಕಾರಿ ನೌಕರನಿಗೆ, ಗುತ್ತಿಗೆದಾರನಿಗೆ ಅದು ತನ್ನ ಬ್ಯಾಂಕು. ಹೊಸನಗರದ ಮೂಲೆಯಲ್ಲಿ ಎರಡು ಎಕರೆ ತೋಟ ಇರುವವನು ಅದರ ಮೆಟ್ಟಿಲು ಹತ್ತುವುದಕ್ಕೆ ಇನ್ನೂ ಕಾಲ ಇತ್ತು.

ಇನ್ನು ಕರ್ಣಾಟಕ ಬ್ಯಾಂಕು. ಇವತ್ತಿನ ಮಾತಿನ ನಿಜವಾದ ವಿಷಯ ಇದು. 1924ರ ಫೆಬ್ರವರಿ 18ರಂದು ನೋಂದಣಿ, ಮೇ 23ರಂದು ಮಂಗಳೂರಿನಲ್ಲಿ ವ್ಯವಹಾರ ಶುರು. ಬಿ. ಆರ್. ವ್ಯಾಸರಾಯಾಚಾರ್ ಮತ್ತು ಜೊತೆಗಾರರು ಕಟ್ಟಿದ್ದು. ಉಳಿದ ನಾಲ್ಕರ ಜೊತೆ ನಿಲ್ಲಿಸಿದರೆ ಇದು ಬಹಳ ಕಾಲ ಸಣ್ಣ ಬ್ಯಾಂಕೇ. ಅದರ ಬೆಳವಣಿಗೆಯ ಒಂದು ಮುಖ್ಯ ತಿರುವು ಇರುವುದು ನಮ್ಮ ಮಲೆನಾಡಿನಲ್ಲಿ. ಇದನ್ನು ಬಹಳ ಜನ ಗಮನಿಸುವುದಿಲ್ಲ.

1942ರಲ್ಲಿ ಶೃಂಗೇರಿ ಶಾರದಾ ಬ್ಯಾಂಕ್ ಎಂದು ಒಂದು ಹುಟ್ಟಿತು. ಶೃಂಗೇರಿ ಎಂದರೆ ಆಗುಂಬೆಗೆ ಹತ್ತಿರ, ತುಂಗೆಯ ದಡ, ಸುತ್ತ ಅಡಿಕೆ ತೋಟ. ನೋಡಿ, ನಮ್ಮಲ್ಲೂ ಬ್ಯಾಂಕು ಕಟ್ಟುವ ಆಸೆ ಇತ್ತು! ಅದಕ್ಕೆ ಇದ್ದದ್ದು ನಾಲ್ಕು ಶಾಖೆ. ನಾಲ್ಕು ಶಾಖೆಯ ಬ್ಯಾಂಕಿನ ಗತಿ ಯೋಚಿಸಿ. ಒಂದೇ ಸೀಮೆಯ ಗಿರಾಕಿಗಳು. ಎಲ್ಲರಿಗೂ ಸಾಲ ಬೇಕಾದದ್ದು ಒಂದೇ ತಿಂಗಳಲ್ಲಿ, ಎಲ್ಲರೂ ಠೇವಣಿ ಇಡುವುದೂ ಒಂದೇ ತಿಂಗಳಲ್ಲಿ. ಕೊಳೆ ಬಂದ ವರ್ಷ ಎಲ್ಲರೂ ಒಟ್ಟಿಗೆ ಬಾಕಿ. ಬ್ಯಾಂಕು ನಡೆಯುವುದೇ ಒಬ್ಬನಿಗೆ ಬೇಡವಾದ ದುಡ್ಡು ಇನ್ನೊಬ್ಬನಿಗೆ ಬೇಕು ಎನ್ನುವುದರ ಮೇಲೆ. ಒಂದೇ ಬೆಳೆಯ ಸೀಮೆಯಲ್ಲಿ ಆ ಇನ್ನೊಬ್ಬನೇ ಇರುವುದಿಲ್ಲ. ಮಲೆನಾಡಿನಲ್ಲಿ ಯಾಕೆ ಬ್ಯಾಂಕು ಹುಟ್ಟಿ ಬೆಳೆಯಲಿಲ್ಲ ಎಂಬುದಕ್ಕೆ ಮಂಡಿಯ ಜೊತೆ ಇದೂ ಒಂದು ದೊಡ್ಡ ಕಾರಣ ಎಂದು ನನ್ನ ಲೆಕ್ಕ. ಮೀನಿನ ದುಡ್ಡು, ಹೆಂಚಿನ ದುಡ್ಡು, ಬೊಂಬಾಯಿಯ ದುಡ್ಡು ಬೇರೆ ಬೇರೆ ತಿಂಗಳಲ್ಲಿ ಬರುವ ಕರಾವಳಿಗೆ ಈ ತೊಂದರೆ ಕಡಿಮೆ.

1956ರ ನವೆಂಬರ್ 1ಕ್ಕೆ ರಾಜ್ಯ ಒಂದಾಯಿತು. ಆಗುಂಬೆಯ ಗಡಿ ಹೋಯಿತು. ನಾಲ್ಕೇ ವರ್ಷಕ್ಕೆ, 1960ರಲ್ಲಿ ಶೃಂಗೇರಿ ಶಾರದಾ ಬ್ಯಾಂಕು ಕರ್ಣಾಟಕ ಬ್ಯಾಂಕಿನಲ್ಲಿ ಸೇರಿತು. 1964ರಲ್ಲಿ ಚಿತ್ರದುರ್ಗ ಬ್ಯಾಂಕು, 1966ರಲ್ಲಿ ಹುಬ್ಬಳ್ಳಿಯ ಬ್ಯಾಂಕ್ ಆಫ್ ಕರ್ನಾಟಕ. ಚಿತ್ರದುರ್ಗದ್ದು ಹತ್ತೊಂಬತ್ತನೇ ಶತಮಾನದಲ್ಲೇ ಹುಟ್ಟಿದ್ದು, ಕರ್ಣಾಟಕ ಬ್ಯಾಂಕಿಗಿಂತ ವಯಸ್ಸಿನಲ್ಲಿ ಬಹಳ ದೊಡ್ಡದು. ಕೆ. ಎಸ್. ಎನ್. ಅಡಿಗರು ಬ್ಯಾಂಕಿನ ಮುಂದಾಳಾಗಿದ್ದ ಕಾಲ ಅದು. ಆರು ವರ್ಷದಲ್ಲಿ ಕರಾವಳಿಯ ಬ್ಯಾಂಕು ಮಲೆನಾಡು, ಬಯಲುಸೀಮೆ, ಉತ್ತರ ಕರ್ನಾಟಕ ಮೂರರಲ್ಲೂ ಕಾಲೂರಿತು. ಅಡಿಕೆಯವರಿಗೆ ದುಡ್ಡು ಬೇಕಾದಾಗ ಹತ್ತಿಯವರ ಠೇವಣಿ ಇರುತ್ತದೆ. ಬೆಳೆದದ್ದು ಹೀಗೆ.

ಇದೆಲ್ಲ ಬರೀ ಜಾಣತನ ಅಲ್ಲ, ಕಾಲವೂ ಹಾಗೆ ತಳ್ಳಿತು. 1960ರ ಆಗಸ್ಟ್‌ನಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಚ್ಚಿತು. ಸಾವಿರಾರು ಜನರ ಠೇವಣಿ ಸಿಕ್ಕಿಹಾಕಿಕೊಂಡಿತು. ಅದಾದ ಮೇಲೆ ಸಣ್ಣ ಬ್ಯಾಂಕುಗಳನ್ನು ದೊಡ್ಡದರಲ್ಲಿ ಸೇರಿಸುವ ಅಧಿಕಾರ ರಿಸರ್ವ್ ಬ್ಯಾಂಕಿಗೆ ಬಂತು. ಸ್ವಾತಂತ್ರ್ಯದ ಹೊಸದರಲ್ಲಿ ದೇಶದಲ್ಲಿ ಐನೂರಕ್ಕಿಂತ ಜಾಸ್ತಿ ಬ್ಯಾಂಕುಗಳಿದ್ದವು. 1969ರ ಹೊತ್ತಿಗೆ ನೂರರೊಳಗೆ ಇಳಿದವು. ಠೇವಣಿ ವಿಮೆ ಬಂದದ್ದೂ ಪಾಲಾಯಿ ಬ್ಯಾಂಕಿನ ಪಾಠದಿಂದಲೇ, 1962ರಲ್ಲಿ. ಆಗ ಒಬ್ಬ ಠೇವಣಿದಾರನಿಗೆ 1,500 ರೂಪಾಯಿವರೆಗೆ ರಕ್ಷಣೆ. 2020ರಿಂದ ಅದು 5 ಲಕ್ಷ. ನಿಮ್ಮ ಸಹಕಾರಿ ಬ್ಯಾಂಕಿಗೂ ಈ ವಿಮೆ ಇದೆ. ಆದರೆ ಹಳ್ಳಿಯ ಸೊಸೈಟಿಗೆ, ಪತ್ತಿನ ಸಹಕಾರ ಸಂಘಕ್ಕೆ ಇಲ್ಲ. ಅರ್ಧ ಪರ್ಸೆಂಟ್ ಜಾಸ್ತಿ ಬಡ್ಡಿ ಎಂದು ಓಡುವ ಮೊದಲು ಇದನ್ನು ಕೇಳಿಕೊಳ್ಳಿ. ವಿಷಯ ಸ್ವಲ್ಪ ಆಚೆ ಹೋಯಿತು, ಇರಲಿ, ಹೇಳಬೇಕಾದದ್ದೇ.

ವಾಣಿಜ್ಯ ಬ್ಯಾಂಕು ಶಿವಮೊಗ್ಗದಂಥ ಊರಿನಲ್ಲಿ ನಿಜಕ್ಕೂ ಏನು ಮಾಡುತ್ತಿತ್ತು? ಹುಡುಗರ ಪಠ್ಯಪುಸ್ತಕದಲ್ಲಿ ಬಿಲ್ ಡಿಸ್ಕೌಂಟಿಂಗ್ ಎಂದು ಎರಡು ಪ್ಯಾರಾ ಇರುತ್ತದೆ. ಬಾಯಿಪಾಠ ಮಾಡುತ್ತೀರಿ. ಅದನ್ನು ಅಡಿಕೆ ಮೂಟೆ ಮುಂದಿಟ್ಟುಕೊಂಡು ಅರ್ಥ ಮಾಡಿಕೊಳ್ಳಿ.

ಅಡಿಕೆ ಬೆಳೆಯುವುದು ಇಲ್ಲಿ, ತಿನ್ನುವ ಜನ ಜಾಸ್ತಿ ಉತ್ತರದಲ್ಲಿ. ಕಾನ್ಪುರ, ದಿಲ್ಲಿ, ನಾಗಪುರ. ಇಲ್ಲಿನ ವರ್ತಕ ಮಾಲು ತುಂಬಿಸುತ್ತಾನೆ. ರೈಲ್ವೆಯವರೋ ಲಾರಿಯವರೋ ಒಂದು ರಸೀದಿ ಕೊಡುತ್ತಾರೆ. ಆ ರಸೀದಿ ಯಾರ ಕೈಯಲ್ಲಿದೆಯೋ ಮಾಲು ಅವರದು. ವರ್ತಕ ಅದನ್ನು ನೇರ ಕಾನ್ಪುರಕ್ಕೆ ಕಳಿಸುವುದಿಲ್ಲ. ಇಷ್ಟು ದುಡ್ಡು ಕೊಡಿ ಎಂದು ಖರೀದಿದಾರನ ಹೆಸರಿಗೆ ಒಂದು ಹುಂಡಿ ಬರೆದು ಎರಡನ್ನೂ ತನ್ನ ಬ್ಯಾಂಕಿಗೆ ಕೊಡುತ್ತಾನೆ. ಬ್ಯಾಂಕು ಬಡ್ಡಿ ಮುರಿದುಕೊಂಡು ದುಡ್ಡು ಅವತ್ತೇ ಅವನ ಖಾತೆಗೆ ಹಾಕುತ್ತದೆ. ಅವನು ಮಂಡಿಗೆ ಹೋಗಿ ಮರುದಿನ ಮತ್ತೆ ಅಡಿಕೆ ಕೊಳ್ಳುತ್ತಾನೆ. ಕಾಗದ ಕಾನ್ಪುರದ ಶಾಖೆಗೆ ಹೋಗುತ್ತದೆ. ಅಲ್ಲಿನ ಖರೀದಿದಾರ ದುಡ್ಡು ಕಟ್ಟಿ ರಸೀದಿ ಬಿಡಿಸಿಕೊಂಡು ಮಾಲು ಎತ್ತುತ್ತಾನೆ.

ಕೇಳುವುದಕ್ಕೆ ಸಲೀಸು. ಮಾಲು ದಾರಿಯಲ್ಲಿರುವಾಗಲೇ ರೇಟು ಬಿತ್ತು ಎನ್ನಿ. ಖರೀದಿದಾರ ಬ್ಯಾಂಕಿನ ಕಡೆ ತಲೆ ಹಾಕುವುದಿಲ್ಲ. ಸರಕು ಅಲ್ಲಿ ಬಿದ್ದಿರುತ್ತದೆ, ಎತ್ತದೆ ಬಿಟ್ಟದ್ದಕ್ಕೆ ಡೆಮರೇಜ್ ದಂಡ ಏರುತ್ತಿರುತ್ತದೆ. "ಕಲರ್ ಸರಿ ಇಲ್ಲ, ಹೊಸ ಅಡಿಕೆಗೆ ಹಳೆಯದು ಬೆರೆಸಿದ್ದೀರಿ" ಎಂದು ತಗಾದೆ. ಆಗ ಆ ಊರಿನಲ್ಲಿ ನಿಮ್ಮದೇ ಶಾಖೆ ಇದ್ದರೆ ಅಲ್ಲಿನ ಮ್ಯಾನೇಜರು ಸಂಜೆ ಖರೀದಿದಾರನ ಗದ್ದಿಗೆ ಹೋಗಿ ಕೂರುತ್ತಾನೆ. ಬೇರೆ ಬ್ಯಾಂಕಿನ ಮೂಲಕ ಹೋಗಿದ್ದರೆ ಅವರು ಒಂದು ಕಾಗದ ಬರೆದು ಕೈ ತೊಳೆದುಕೊಳ್ಳುತ್ತಾರೆ. ಮಂಗಳೂರಿನ ಬ್ಯಾಂಕುಗಳು ದಿಲ್ಲಿಯಲ್ಲಿ, ಬೊಂಬಾಯಿಯಲ್ಲಿ ಶಾಖೆ ತೆಗೆದದ್ದು ಬರೀ ಬೋರ್ಡು ತೂಗುಹಾಕುವ ಚಟಕ್ಕಲ್ಲ. ಊರಿನ ಮಾಲು ಹೋಗುವ ದಾರಿಯಲ್ಲಿ ಬ್ಯಾಂಕೂ ಹೋಯಿತು.

ಇನ್ನೊಂದು ಕೀ ಲೋನ್. ಗೋದಾಮಿಗೆ ಬ್ಯಾಂಕಿನ ಬೀಗ. ಒಳಗಿರುವ ದಾಸ್ತಾನಿನ ಮೇಲೆ ಸಾಲ. ಮಾಲು ತೆಗೆಯಬೇಕಾದರೆ ಅಷ್ಟು ದುಡ್ಡು ಕಟ್ಟಬೇಕು, ಬ್ಯಾಂಕಿನವನು ಕೀ ಹಿಡಿದುಕೊಂಡು ಹೋಗಿ ತೆಗೆಸಿಕೊಡುತ್ತಾನೆ. ಇಲ್ಲಿ ಸಾಲ ಉಳಿಯುವುದೂ ಮುಳುಗುವುದೂ ಮ್ಯಾನೇಜರಿಗೆ ಅಡಿಕೆ ಗೊತ್ತೋ ಇಲ್ಲವೋ ಎನ್ನುವುದರ ಮೇಲೆ. ಮುಂದಿನ ಸಾಲಿನ ಮೂಟೆಯಲ್ಲಿ ಬೆಟ್ಟೆ, ಹಿಂದಿನ ಸಾಲಿನಲ್ಲಿ ಗೊರಬಲು ಇರಬಹುದು. ಪುಸ್ತಕದಲ್ಲಿ ಎಲ್ಲವೂ ಬೆಟ್ಟೆ. ಎರಡಕ್ಕೂ ರೇಟಿನಲ್ಲಿ ಎಷ್ಟು ಅಂತರ ಎಂದು ನಿಮಗೆ ಗೊತ್ತು. ಗೋದಾಮಿನ ಹಿಂದಿನ ಗೋಡೆವರೆಗೂ ನುಗ್ಗಿ ಮೂಟೆಗೆ ಕೈ ಹಾಕಿ, ಒಂದು ಅಡಿಕೆ ತೆಗೆದು ಒಡೆದು ನೋಡುವವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಕೆಲವರಿಗೆ ಎಲೆಯಡಿಕೆಯ ಅಭ್ಯಾಸವೂ ಇತ್ತು, ಪರೀಕ್ಷೆ ಸ್ವಲ್ಪ ಉದ್ದವೇ ಆಗುತ್ತಿತ್ತು.

ಇಷ್ಟು ಹೊಗಳಿದೆ. ಆದರೆ ಈ "ಗೊತ್ತಿರುವವರಿಗೆ ಸಾಲ" ಎನ್ನುವುದಕ್ಕೆ ಇನ್ನೊಂದು ಮುಖವಿದೆ. ಗೊತ್ತಿಲ್ಲದವನ ಗತಿ ಏನು? ಹಳೇ ಖಾಸಗಿ ಬ್ಯಾಂಕುಗಳು ಹುಟ್ಟಿದ್ದೇ ತಂತಮ್ಮ ಸಮುದಾಯದ ಬಳಗದಲ್ಲಿ. ಮ್ಯಾನೇಜರಿಗೆ ಗೊತ್ತಿದ್ದದ್ದು ಆಸ್ತಿ ಇದ್ದವರು, ವರ್ತಕರು, ತನ್ನ ಕಡೆಯವರು. ಗೇಣಿದಾರನ ಹೆಸರಿನಲ್ಲಿ ಪಹಣಿ ಇಲ್ಲ. ಅಡ ಇಡುವುದಕ್ಕೆ ಏನೂ ಇಲ್ಲ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಗೇಣಿ ಭತ್ತ ಅಳೆಯುವ ಕೊಳಗದ ಅಳತೆಗಾಗಿ ಎದ್ದು ನಿಂತರು. ಶಾಂತವೇರಿ ಗೋಪಾಲಗೌಡರು ಆ ಹೋರಾಟದಲ್ಲಿ ಜೈಲಿಗೆ ಹೋದರು. ಅದನ್ನು ನಾವು ರಾಜಕೀಯದ ಇತಿಹಾಸ ಎಂದು ಓದುತ್ತೇವೆ. ನಾನು ಅದನ್ನು ಬ್ಯಾಂಕಿನ ಇತಿಹಾಸದಲ್ಲೂ ಸೇರಿಸುತ್ತೇನೆ. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಭೂಸುಧಾರಣೆ ಕಾಯ್ದೆ ಬಿಗಿಯಾಯಿತು. ಈ ಜಮೀನು ಉಳುವವನು ನಾನೇ ಎಂದು ಡಿಕ್ಲರೇಷನ್ ಕೊಟ್ಟು ಗೆದ್ದವರ ಹೆಸರಿಗೆ ಪಹಣಿ ಬಂತು. ಅದಾದ ಮೇಲೆ ತಾನೇ ಅವರು ಬೆಳೆ ಸಾಲದ ಅರ್ಜಿ ಹಿಡಿದು ಬ್ಯಾಂಕಿಗೆ ಬಂದದ್ದು! ಮಲೆನಾಡಿನಲ್ಲಿ ಬ್ಯಾಂಕಿನ ಗಿರಾಕಿಗಳನ್ನು ಹೆಚ್ಚು ಮಾಡಿದ್ದು ಯಾವ ಬ್ಯಾಂಕಿನ ಜಾಹೀರಾತೂ ಅಲ್ಲ, ಆ ಕಾಯ್ದೆ.

ಅಷ್ಟರಲ್ಲಿ ರಾಷ್ಟ್ರೀಕರಣ ಆಗಿತ್ತು. 1969ರ ಜುಲೈ 19. 50 ಕೋಟಿಗಿಂತ ಹೆಚ್ಚು ಠೇವಣಿ ಇದ್ದ 14 ಬ್ಯಾಂಕುಗಳು ಸರ್ಕಾರದ ಕೈಗೆ. ಕರಾವಳಿಯ ಕೆನರಾ, ಸಿಂಡಿಕೇಟ್ ಹೋದವು. 1980ರಲ್ಲಿ 200 ಕೋಟಿಯ ಗೆರೆ ಎಳೆದರು, ಇನ್ನೂ 6 ಹೋದವು. ಅದರಲ್ಲಿ ಕಾರ್ಪೊರೇಷನ್, ವಿಜಯಾ. ಕರ್ಣಾಟಕ ಬ್ಯಾಂಕು ಎರಡು ಸಲವೂ ಗೆರೆಯ ಕೆಳಗೇ ಇತ್ತು. ಚಿಕ್ಕದಾಗಿದ್ದದ್ದಕ್ಕೆ ಉಳಿಯಿತು. ಸಾಮಾನ್ಯವಾಗಿ ಬ್ಯಾಂಕುಗಳ ಕಥೆಯನ್ನು ದೊಡ್ಡದಾದ ಕಥೆ ಎಂದು ಹೇಳುತ್ತಾರೆ. ಇದರ ಕಥೆಯಲ್ಲಿ ನಿಧಾನಕ್ಕೆ ಬೆಳೆದದ್ದೂ ಲಾಭವೇ ಆಯಿತು.

ರಾಷ್ಟ್ರೀಕರಣ ಬೇಕಿತ್ತೇ ಎಂದು ಕೇಳಿದರೆ ನನ್ನ ಉತ್ತರ, ಬೇಕಿತ್ತು. ಅದಿಲ್ಲದಿದ್ದರೆ ಸಾಗರದ ಕರೂರು ಹೋಬಳಿಗೋ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಕಡೆಗೋ ಯಾವ ಬ್ಯಾಂಕೂ ಬರುತ್ತಿರಲಿಲ್ಲ. ಜಿಲ್ಲೆಗೊಂದು ಬ್ಯಾಂಕನ್ನು ಮುಂದಾಳು ಮಾಡುವ ಲೀಡ್ ಬ್ಯಾಂಕ್ ಯೋಜನೆ ಬಂದು ನಮ್ಮ ಜಿಲ್ಲೆಯ ಹೊಣೆ ಕೆನರಾ ಬ್ಯಾಂಕಿಗೆ ಬಂತು. ಅದೇ ಬ್ಯಾಂಕು ಪ್ರಾಯೋಜಿಸಿ ಸಹ್ಯಾದ್ರಿ ಗ್ರಾಮೀಣ ಬ್ಯಾಂಕ್ ಮಾಡಿತು. ಅದರ ಪ್ರಧಾನ ಕಚೇರಿ ಶಿವಮೊಗ್ಗದಲ್ಲೇ ಇತ್ತು. ಕೇಂದ್ರ ಸರ್ಕಾರದ್ದು 50, ರಾಜ್ಯದ್ದು 15, ಪ್ರಾಯೋಜಕ ಬ್ಯಾಂಕಿನದು 35 ಪಾಲು. ಅಂತೂ ನಮ್ಮಲ್ಲೂ ಒಂದು ಬ್ಯಾಂಕಿನ ಪ್ರಧಾನ ಕಚೇರಿ ಆಯಿತು ಎನ್ನುವಷ್ಟರಲ್ಲಿ, 2005ರಲ್ಲಿ ತುಂಗಭದ್ರಾ, ಚಿತ್ರದುರ್ಗ, ಕೋಲಾರದ ಗ್ರಾಮೀಣ ಬ್ಯಾಂಕುಗಳ ಜೊತೆ ಸೇರಿಸಿ ಪ್ರಗತಿ ಗ್ರಾಮೀಣ ಬ್ಯಾಂಕ್ ಮಾಡಿದರು. ಕಚೇರಿ ಬಳ್ಳಾರಿಗೆ ಹೋಯಿತು. ಆಮೇಲೂ ಸೇರಿಸುತ್ತಲೇ ಬಂದು 2025ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕು.

ಉಳಿದವುಗಳ ಕಥೆ ನಿಮಗೆ ಗೊತ್ತೇ ಇದೆ, ಬೇಗ ಹೇಳಿ ಮುಗಿಸುತ್ತೇನೆ. 2017ರ ಏಪ್ರಿಲ್ 1ಕ್ಕೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಸ್ಟೇಟ್ ಬ್ಯಾಂಕಿನಲ್ಲೇ ಸೇರಿ ಹೋಯಿತು. 2019ಕ್ಕೆ ವಿಜಯಾ, ಬ್ಯಾಂಕ್ ಆಫ್ ಬರೋಡಾದಲ್ಲಿ. 2020ಕ್ಕೆ ಸಿಂಡಿಕೇಟ್, ಕೆನರಾದಲ್ಲಿ. ಕಾರ್ಪೊರೇಷನ್, ಯೂನಿಯನ್ ಬ್ಯಾಂಕಿನಲ್ಲಿ. ಕರಾವಳಿಯ ಐದರಲ್ಲಿ ತನ್ನ ಹೆಸರಿನಲ್ಲಿ ಉಳಿದಿರುವುದು ಎರಡು. ಅದರಲ್ಲಿ ಖಾಸಗಿಯಾಗಿ ಉಳಿದದ್ದು ಕರ್ಣಾಟಕ ಬ್ಯಾಂಕು ಒಂದೇ. 1995ರಲ್ಲಿ ಷೇರು ಮಾರುಕಟ್ಟೆಗೆ ಬಂತು. 2000ದ ಹೊತ್ತಿಗೆ, ಹಳೇ ಖಾಸಗಿ ಬ್ಯಾಂಕುಗಳಲ್ಲಿ ಬಹಳ ಮುಂಚೆಯೇ ಕೋರ್ ಬ್ಯಾಂಕಿಂಗ್, ಅಂದರೆ ಶಾಖೆಗಳ ಲೆಕ್ಕವನ್ನು ಒಂದೇ ಕಂಪ್ಯೂಟರ್ ಜಾಲಕ್ಕೆ ಸೇರಿಸುವ ಏರ್ಪಾಡು ತಂದಿತು. 2024ಕ್ಕೆ ನೂರು ತುಂಬಿತು. ಇವತ್ತು ಒಂಬೈನೂರಕ್ಕಿಂತ ಹೆಚ್ಚು ಶಾಖೆ ಇವೆ. ಠೇವಣಿ, ಸಾಲ ಎರಡೂ ಸೇರಿ ವ್ಯವಹಾರ ಒಂದೂವರೆ ಲಕ್ಷ ಕೋಟಿ ದಾಟಿದೆ. ದೊಡ್ಡ ಬ್ಯಾಂಕುಗಳ ಎದುರು ಇದು ಈಗಲೂ ಸಣ್ಣದೇ.

ವಿಲೀನಗಳ ಬಗ್ಗೆ ನನಗೆ ತಕರಾರಿದೆ. ದೊಡ್ಡ ಬ್ಯಾಂಕು ಬೇಕು, ದೊಡ್ಡ ಕಾರ್ಖಾನೆಗೆ ಸಾಲ ಕೊಡುವುದಕ್ಕೆ. ಒಪ್ಪಿದೆ. ಆದರೆ ಇವತ್ತು ಸಾಲದ ಅರ್ಜಿ ಶಾಖೆಯಲ್ಲಿ ತೀರ್ಮಾನವಾಗುವುದು ಕಡಿಮೆ. ಎಲ್ಲೋ ದೂರದ ಪ್ರಾಸೆಸಿಂಗ್ ಸೆಂಟರಿಗೆ ಹೋಗುತ್ತದೆ. ಅಲ್ಲಿನವರ ಎದುರಿಗೆ ಕಂಪ್ಯೂಟರ್, ಅದರಲ್ಲಿ ಸಿಬಿಲ್ ಸ್ಕೋರ್, ಸಾಲ ತೀರಿಸಿದ ನಡತೆಗೆ ಕೊಡುವ ಅಂಕ. ಈಗ ಅಡಿಕೆಯ ಎಲೆಚುಕ್ಕಿ ರೋಗ ನೋಡಿ. ತೀರ್ಥಹಳ್ಳಿ, ಹೊಸನಗರ, ಶೃಂಗೇರಿ ಕಡೆ ತೋಟಗಳಿಗೆ ತೋಟಗಳೇ ಸೊರಗಿವೆ. ಎರಡು ವರ್ಷ ಬೆಳೆ ಇಲ್ಲದವನು ಕಂತು ತಪ್ಪಿಸುತ್ತಾನೆ, ಸ್ಕೋರ್ ಬೀಳುತ್ತದೆ. ಅವನು ಸೋಮಾರಿಯೋ, ದುಂದುಗಾರನೋ, ಇಲ್ಲಾ ಅವನ ತೋಟಕ್ಕೆ ರೋಗ ಬಂತೋ ಎನ್ನುವುದು ಆ ಅಂಕಿಯಲ್ಲಿ ಕಾಣುವುದಿಲ್ಲ. ಪಕ್ಕದ ಗುಡ್ಡದ ತೋಟ ಹಸಿರಾಗಿದೆ, ಇವನದು ಹಳದಿಯಾಗಿದೆ ಎಂದು ಹೋಗಿ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ. ನೋಡುವುದಕ್ಕೆ ಬಂದ ಅಧಿಕಾರಿಗೆ ಕನ್ನಡ ಬರುವುದಿಲ್ಲ, ಮುಂದಿನ ವರ್ಷ ವರ್ಗವಾಗಿ ಹೋಗುತ್ತಾನೆ. ತಪ್ಪು ಆ ಹುಡುಗನದಲ್ಲ, ಅವನನ್ನು ಹಾಗೆ ಓಡಾಡಿಸುವ ಪದ್ಧತಿಯದು.

ಮಾತು ಮುಗಿಸುವ ಮೊದಲು, ಇಲ್ಲಿಗೆ ಬರುವಾಗ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಗೆ ಉತ್ತರ ಹೇಳಬೇಕು. "ಸಾರ್, ಈಗಲಾದರೂ ಶಿವಮೊಗ್ಗದಲ್ಲಿ ಒಂದು ಬ್ಯಾಂಕು ಹುಟ್ಟಬಹುದಾ?" ಎಂದಳು.

ಕಾನೂನಿನ ಪ್ರಕಾರ ದಾರಿ ಇದೆ. 2019ರ ನಿಯಮದಂತೆ ಸ್ಮಾಲ್ ಫೈನಾನ್ಸ್ ಬ್ಯಾಂಕಿಗೆ, ಅಂದರೆ ಹೆಚ್ಚಾಗಿ ಸಣ್ಣ ಸಾಲ ಕೊಡುವ ಬ್ಯಾಂಕಿಗೆ, 200 ಕೋಟಿ ಬಂಡವಾಳ ಬೇಕು. ಈಗಿರುವ ಪಟ್ಟಣ ಸಹಕಾರಿ ಬ್ಯಾಂಕು ಬದಲಾಗುವುದಾದರೆ ಮೊದಲಿಗೆ 100 ಕೋಟಿ ಸಾಕು, ಐದು ವರ್ಷದಲ್ಲಿ 200ಕ್ಕೆ ಏರಿಸಬೇಕು. ಪ್ರವರ್ತಕರು ಕನಿಷ್ಠ ನೂರಕ್ಕೆ 40 ಪಾಲನ್ನು ಐದು ವರ್ಷ ಮುಟ್ಟದೆ ಇಡಬೇಕು. ಕೊಡುವ ಸಾಲದಲ್ಲಿ ಅರ್ಧದಷ್ಟಾದರೂ 25 ಲಕ್ಷದೊಳಗಿನ ಸಾಲ ಇರಬೇಕು. ನಾಲ್ಕರಲ್ಲಿ ಒಂದು ಶಾಖೆ ಬ್ಯಾಂಕಿಲ್ಲದ ಹಳ್ಳಿಯಲ್ಲಿರಬೇಕು. 38 ರೂಪಾಯಿ 13 ಆಣೆಯ ಕಾಲ ಹೋಯಿತಮ್ಮ. ಆದರೂ ಅಡಿಕೆಗೆ ಈಗಿರುವ ರೇಟಿನಲ್ಲಿ ಈ ಜಿಲ್ಲೆಗೆ 200 ಕೋಟಿ ಆಗದ ಮೊತ್ತ ಎಂದು ನಾನು ಹೇಳುವುದಿಲ್ಲ. ಕಷ್ಟ ಇರುವುದು ನಾಲ್ಕು ಶಾಖೆಯ ಆ ಶೃಂಗೇರಿ ಬ್ಯಾಂಕಿಗಿದ್ದ ಕಷ್ಟವೇ. ಬರೀ ಅಡಿಕೆಯವರ ಬ್ಯಾಂಕಾದರೆ ಒಂದು ಎಲೆಚುಕ್ಕಿಗೆ ಅಲ್ಲಾಡಿಹೋಗುತ್ತದೆ. ದಾವಣಗೆರೆಯ ಭತ್ತ, ಮೆಕ್ಕೆಜೋಳದವರು, ಹಾಸನದ ಆಲೂಗಡ್ಡೆಯವರು, ಭದ್ರಾವತಿ, ಮಾಚೇನಹಳ್ಳಿಯ ಸಣ್ಣ ಕಾರ್ಖಾನೆಯವರು ಗಿರಾಕಿಗಳಾಗಬೇಕು. ಅವರನ್ನೂ ಆಡಳಿತ ಮಂಡಳಿಯಲ್ಲಿ ಕೂರಿಸಬೇಕು. ಇಲ್ಲಿನ ಅಡಿಕೆಯ ಹಿರಿಯರು ಅದಕ್ಕೆ ಒಪ್ಪುತ್ತಾರಾ? ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಚಹಾ ಕುಡಿಯುವಾಗ ನೀನೇ ಕೇಳು.